ಎರಡು ಮಿಲಿಮೀಟರ್‌ಗಾಗಿ ಹತ್ತು ವರ್ಷ

ಚಿತ್ತಾಪುರದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಮಗಳು ಎಂ.ಎಸ್ಸಿ. ಮುಗಿಸಿದ್ದಾಳೆ. ಸ್ಟೆಮ್ ಸೆಲ್ ಮೇಲೆ ಪಿಎಚ್.ಡಿ. ಮಾಡಲು ಹೈದರಾಬಾದಿಗೆ ಹೋಗುತ್ತೇನೆ ಅನ್ನುತ್ತಾಳೆ. ಐದಾರು ವರ್ಷ ಹಿಡಿಯುತ್ತದಂತೆ. ಮೊಣಕಾಲು ನೋವಿಗೂ ಸ್ಟೆಮ್ ಸೆಲ್, ಆಟಿಸಂಗೂ ಸ್ಟೆಮ್ ಸೆಲ್ ಅನ್ನುವ ಜಾಹೀರಾತು ನೋಡಿ ನನಗೆ ಇದೆಲ್ಲ ಮೋಸ ಅನಿಸಿದೆ. ಕಳಿಸಲೇ?"

ಮಾಸ್ತರರೇ, ನಮಸ್ಕಾರ. ಕಳಿಸಿ.

ಸ್ಟೆಮ್ ಸೆಲ್ ಅಂದರೆ ದೇಹಕ್ಕೆ ಹೊಸ ಕೋಶಗಳನ್ನು ಹುಟ್ಟಿಸಿಕೊಡುವ ಮೂಲಕೋಶ. ಜಾಹೀರಾತಿನ ಬಗ್ಗೆ ನಿಮ್ಮ ಅನುಮಾನ ಸರಿ. ಅಂಥ ಚಿಕಿತ್ಸೆಗಳನ್ನು ಪ್ರಯೋಗದ ಚೌಕಟ್ಟಿನ ಹೊರಗೆ ಮಾರಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದೆ. ಆದರೆ ಜಾಹೀರಾತು ನೋಡಿ ಸಂಶೋಧನೆಯನ್ನು ಅಳೆಯಬೇಡಿ.

ನಮ್ಮ ಪಾನ್‌ಶಾಪ್‌ಗಳಲ್ಲಿ ತಂಬಾಕಿನ ಜೊತೆ ತಿನ್ನುವ ಸುಣ್ಣದ ಪಾಕೀಟು ಸಿಗುತ್ತದಲ್ವಾ? ಮಕ್ಕಳು ಅದನ್ನು ಹಿಚುಕುತ್ತಾ ಆಡುತ್ತವೆ. ಒಡೆದು ಚಿಮ್ಮಿದರೆ ಸೀದಾ ಕಣ್ಣಿಗೆ. ಕಣ್ಣಿನ ಕಪ್ಪು ಬಿಳಿ ಕೂಡುವ ಕಡೆ ಉಂಗುರದಂಥ ಅಂಚಿದೆ. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲ್ಮೈಗೆ ಹೊಸ ಕೋಶಗಳನ್ನು ಕೊಡುವ ಸ್ಟೆಮ್ ಸೆಲ್‌ಗಳು ಇರುವುದು ಅಲ್ಲೇ. ಸುಣ್ಣ ಆ ಅಂಚನ್ನು ಸುಟ್ಟರೆ ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾ ಮೇಲೆ ಹಬ್ಬುತ್ತದೆ. ಆಮೇಲೆ ದಾನದ ಕಾರ್ನಿಯಾ ಒಂದನ್ನೇ ಹಾಕಿದರೆ ಅದು ನಿಲ್ಲುವುದು ಕಷ್ಟ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಜೊತೆಗಾರರು 2001ರಲ್ಲಿ ಇದಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಶುರು ಮಾಡಿದರು. ಇಟಲಿಯವರು 1997ರಲ್ಲೇ ದಾರಿ ತೋರಿಸಿದ್ದರು. ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಚೂರು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಸುಟ್ಟ ಕಣ್ಣಿಗೆ ಹಾಕುವುದು. 2006ರಲ್ಲಿ ಸಾಂಗ್ವಾನ್ ಅವರಿಗೆ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬಂತು. 200 ರೋಗಿಗಳ ಹತ್ತು ವರ್ಷದ ಲೆಕ್ಕ 2011ರಲ್ಲಿ ಅಚ್ಚಾಯಿತು. ನೂರಕ್ಕೆ 71 ಮಂದಿಗೆ ಫಲಿಸಿತ್ತು. ಉಳಿದ 29 ಮಂದಿಗೆ ಫಲಿಸಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಯಾವ ಜಾಹೀರಾತಿನಲ್ಲಿ ಇದನ್ನು ನೋಡಿದ್ದೀರಿ, ಹೇಳಿ?

ನನಗೆ ಜಾಸ್ತಿ ಹಿಡಿಸಿದ್ದು ಅದರ ಮುಂದಿನ ಹೆಜ್ಜೆ. ಅಂಥ ಲ್ಯಾಬ್ ನಡೆಸುವುದು ದುಬಾರಿ, ಎಲ್ಲ ಊರಿಗೂ ಆಗುವ ಮಾತಲ್ಲ. 2012ರಲ್ಲಿ ಇದೇ ತಂಡ ಲ್ಯಾಬ್ ಇಲ್ಲದೆಯೇ ಮಾಡುವ ವಿಧಾನ ಪ್ರಕಟಿಸಿತು. ಚೆನ್ನಾಗಿರುವ ಕಣ್ಣಿನಿಂದ ಬರೀ 2 ಮಿ.ಮೀ. ಚೂರು. ಅದನ್ನು ಎಂಟು ಹತ್ತು ತುಣುಕು ಮಾಡುತ್ತಾರೆ. ಸುಟ್ಟ ಕಣ್ಣಿನ ಮೇಲೆ ಹೆರಿಗೆಯ ಮಾಸಿನಿಂದ ತೆಗೆದ ತೆಳು ಪೊರೆ ಹಾಸಿ, ನಟ್ಟನಡುವಿನ ಜಾಗ ಬಿಟ್ಟು, ತೊಗರಿ ಬಿತ್ತಿದ ಹಾಗೆ ಅಂತರ ಕೊಟ್ಟು ಸುತ್ತಲೂ ಇಟ್ಟು ಅಂಟಿಸುತ್ತಾರೆ. ತುಣುಕುಗಳು ಅಲ್ಲೇ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದೇ ಆಪರೇಷನ್. ಹತ್ತು ವರ್ಷ ತಿದ್ದಿ ತೀಡಿದ ವಿಧಾನವನ್ನು ಪಕ್ಕಕ್ಕಿಟ್ಟು, ಬಡವರಿಗೆ ಎಟುಕುವ ಇನ್ನೊಂದನ್ನು ಹುಡುಕುವುದು ಸಣ್ಣ ಮಾತಲ್ಲ. ಮಗಳು ಕಲಿಯಲು ಹೊರಟಿರುವುದು ಇಂಥ ಕೆಲಸ.

ಇದು ಒಂದು ಕಣ್ಣು ಚೆನ್ನಾಗಿ ಉಳಿದವರಿಗೆ. ಎರಡೂ ಸುಟ್ಟವರಿಗೆ ಚೂರು ಎಲ್ಲಿಂದ ತರುವುದು? ಅಲ್ಲಿ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ. ಅವಳಂಥವರು ಬೇಕು.

ಖರ್ಚಿನ ಚಿಂತೆ ಇದ್ದರೆ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ವೇತನ) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಊರೂ ದೂರವಲ್ಲ. ಚಿತ್ತಾಪುರದಲ್ಲಿ ರೈಲು ಹತ್ತಿದರೆ ಸೇಡಂ, ತಾಂಡೂರು ದಾಟಿ ಹೈದರಾಬಾದ್.

ಇನ್ನೊಂದು ಮಾತು, ನೀವು ಶಾಲೆ ನಡೆಸಿದವರು ಅಂತ ಹೇಳುತ್ತಿದ್ದೇನೆ. ನಿಮ್ಮ ಓಣಿಯ ಮಕ್ಕಳಿಗೆಲ್ಲ ತಿಳಿಸಿ. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜಬಾರದು. ಆಸ್ಪತ್ರೆಗೆ ಓಡುವ ಮೊದಲೇ, ನಿಂತಲ್ಲೇ, ರೆಪ್ಪೆ ಅಗಲಿಸಿ ಹಿಡಿದು ಶುದ್ಧ ನೀರು ಸುರಿಯಬೇಕು. ಒಂದು ಚೊಂಬು ಸಾಲದು, ಅರ್ಧ ಗಂಟೆ ಸುರಿಯಬೇಕು. ಆಮೇಲೆ ತಡ ಮಾಡದೆ ಕಣ್ಣಿನ ಡಾಕ್ಟರ ಹತ್ತಿರ.

– ಸಂ.