ಉರಿ ನಿಂತಿತು ಅಂತ ಸುಮ್ಮನಾಗಬೇಡಿ

ಪ್ರಶ್ನೆ: ನನಗೆ 42 ವರ್ಷ. ಸಿಂಧನೂರು ಹತ್ತಿರದ ಹಳ್ಳಿ, ಹೊಲದ ಕೂಲಿಗೆ ಹೋಗುತ್ತೇನೆ. ಈ ವರ್ಷ ಇದು ಮೂರನೇ ಸಲ ಉರಿಮೂತ್ರ. ಈ ಸಲ ರಕ್ತವೂ ಕಂಡಿತು. ಉಷ್ಣ ಇರಬೇಕೆಂದು ಸಬ್ಜಾ ನೀರು ಕುಡಿದೆ. ಮೆಡಿಕಲ್ ಶಾಪಿನ ಮಾತ್ರೆ ಎರಡು ದಿನ ನುಂಗಿದೆ. ಉರಿ ಹೋಯಿತು, ಬಿಟ್ಟೆ. ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ತೋರಿಸಲೇಬೇಕು ತಾಯಿ. ಇದು ಬರೀ ಉಷ್ಣ ಅಲ್ಲ, ಸೋಂಕು ಇರುವ ಸಾಧ್ಯತೆಯೇ ಜಾಸ್ತಿ. ಕರುಳಿನಲ್ಲಿರುವ ಇ-ಕೋಲೈ ಬ್ಯಾಕ್ಟೀರಿಯಾ ಮೂತ್ರಕೋಶ ಸೇರಿದರೆ ಹೀಗಾಗುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಅದಕ್ಕೇ ನಿಮಗೆ ಈ ಕಾಟ ಹೆಚ್ಚು. ಮೂತ್ರಕೋಶದ ಒಳಪದರ ಊದಿಕೊಂಡಾಗ ರಕ್ತವೂ ಬರಬಹುದು. ಹೊಲದಲ್ಲಿ ಮರೆಯಿಲ್ಲ ಅಂತ ನೀರು ಕುಡಿಯದೆ, ಸಂಜೆವರೆಗೆ ತಡೆದುಕೊಳ್ಳುವ ಹೆಂಗಸರು ನಮ್ಮ ರಾಯಚೂರು ಕಡೆ ಎಷ್ಟು ಜನ! ಅದು ನಿಮ್ಮ ತಪ್ಪಲ್ಲ. ಆದರೂ ಜೊತೆಯವರನ್ನು ಕರೆದುಕೊಂಡು ಹೋಗಿ, ತಡೆಯಬೇಡಿ.

ಮಾತ್ರೆಯ ಖಾಲಿ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಪದೇ ಪದೇ ಬರುತ್ತಿರುವುದರಿಂದ ಮೂತ್ರದ ಕಲ್ಚರ್ ಪರೀಕ್ಷೆ ಬೇಕು. ಯಾವ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಅಂತ ಅದರಲ್ಲೇ ಗೊತ್ತಾಗುವುದು. ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬಿನ ಡಬ್ಬಿಯಲ್ಲಿ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗಿಸಬೇಡಿ, ಕೂಡಲೇ ಕೊಡಿ. ಮುಟ್ಟಿನ ದಿನವಾಗಿದ್ದರೆ ಹೇಳಿಬಿಡಿ. ಜೊತೆಗೆ ಶುಗರ್ ಪರೀಕ್ಷೆಯೂ ಆಗಲಿ. ಕೊಟ್ಟ ಮಾತ್ರೆ ಅಷ್ಟೂ ದಿನ ನುಂಗಿ.

ಬಹಳ ಜನ ಬಿಟ್ಟುಬಿಡುವುದು ಮುಂದಿನದನ್ನು. ಸೋಂಕು ವಾಸಿಯಾದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ಕಣ್ಣಿಗೆ ಕೆಂಪು ಕಾಣದಿದ್ದರೂ ಮೈಕ್ರೋಸ್ಕೋಪಿನಲ್ಲಿ ರಕ್ತಕಣ ಸಿಗಬಹುದು. ಸಿಕ್ಕರೆ ಸ್ಕ್ಯಾನಿಂಗ್ ಬೇಕು, ಕೆಲವೊಮ್ಮೆ ಸಣ್ಣ ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡಬೇಕಾಗುತ್ತದೆ. ಕಲ್ಲು ಇರಬಹುದು. ಅಪರೂಪಕ್ಕೆ ಗಡ್ಡೆಯೂ ಇರಬಹುದು, ನಲವತ್ತು ದಾಟಿದವರಲ್ಲಿ ಇದನ್ನು ಹಗುರವಾಗಿ ಬಿಡುವಂತಿಲ್ಲ. ಮನೆಯ ಗಂಡಸರಿಗೂ ಹೇಳಿ: ನೋವೇ ಇಲ್ಲದೆ ಮೂತ್ರದಲ್ಲಿ ರಕ್ತ ಬಂದರೆ, ಅದರಲ್ಲೂ ಬೀಡಿ ಸೇದುವವರಿಗೆ, ಒಂದೇ ಸಲ ಬಂದು ನಿಂತರೂ ತೋರಿಸಬೇಕು.

ಚಳಿಜ್ವರ, ಪಕ್ಕೆನೋವು, ವಾಂತಿ ಶುರುವಾದರೆ ಸೋಂಕು ಕಿಡ್ನಿಗೆ ಏರಿರಬಹುದು. ರಕ್ತ ಹೆಪ್ಪುಗಟ್ಟಿ ಬಂದರೂ, ಮೂತ್ರ ಕಟ್ಟಿದರೂ ತಡ ಮಾಡಬೇಡಿ. ಅವತ್ತೇ ಸಿಂಧನೂರಿನ ತಾಲೂಕು ಆಸ್ಪತ್ರೆಗೆ ಹೋಗಿ. ಅವರು ರಾಯಚೂರಿನ ಸರ್ಕಾರಿ ದೊಡ್ಡಾಸ್ಪತ್ರೆ ರಿಮ್ಸ್‌ಗೆ ಬರೆದುಕೊಟ್ಟರೆ ಮರುದಿನಕ್ಕೆ ಇಟ್ಟುಕೊಳ್ಳಬೇಡಿ.