ಮೊದಲ ಹಗಲೇ ವೋಟು ಹಾಕ್ಬೇಕಾ?

ಈ ಸಲದ ಪತ್ರಗಳಲ್ಲಿ ಮಾಫಿಯಾ ಆಟದ್ದೇ ಜಾಸ್ತಿ. ಗೊತ್ತಿಲ್ಲದವರಿಗೆ: ಚೀಟಿಯಲ್ಲಿ ಗುಟ್ಟಾಗಿ ಮಾಫಿಯಾ ಆದ ಕೆಲವರು, ಎಲ್ಲರೂ ಕಣ್ಣು ಮುಚ್ಚುವ 'ರಾತ್ರಿ'ಯಲ್ಲಿ ಒಬ್ಬ ಊರವನನ್ನು ಆಟದಿಂದ ತೆಗೆಯುತ್ತಾರೆ. 'ಹಗಲಿ'ನಲ್ಲಿ ಎಲ್ಲರೂ ಮಾತಾಡಿ, ಮಾಫಿಯಾ ಅಂತ ಸಂಶಯ ಬಂದ ಒಬ್ಬರನ್ನು ವೋಟು ಹಾಕಿ ಹೊರಗೆ ಕಳಿಸುತ್ತಾರೆ. ಎಲ್ಲ ಕಾಸರಗೋಡಿನ ಕಡೆಯವು. ಅದರಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಓಣಂ ರಜೆಗೆ ಮನೆಯಲ್ಲಿ ಸೇರಿದ್ದ ನಾವು ಒಂಬತ್ತು ಜನ ಮಾಫಿಯಾ ಆಡಿದೆವು. ಚಿಕ್ಕಮ್ಮ ಆಟ ನಡೆಸುತ್ತಿದ್ದರು. ಚೀಟಿ ಎತ್ತಿ ಇಬ್ಬರು ಮಾಫಿಯಾ, ಉಳಿದವರು ಊರವರು. ಪೊಲೀಸ್, ಡಾಕ್ಟರ್ ಅಂತ ವಿಶೇಷ ಪಾತ್ರ ಯಾವುದೂ ಇಲ್ಲ, ಆಟ ಹಗಲಿನಿಂದಲೇ ಶುರು. ಯಾರಿಗೂ ಏನೂ ಗೊತ್ತಿರುವುದಿಲ್ಲ, ಆದರೂ 'ಅವನು ನಕ್ಕ', 'ಇವಳು ಕಣ್ಣು ತಪ್ಪಿಸಿದಳು' ಅಂತ ಒಬ್ಬರನ್ನು ಹೊರಗೆ ಹಾಕುತ್ತೇವೆ. ಮೊದಲ ಹಗಲು ವೋಟೇ ಬೇಡ ಅಂತ ಅಣ್ಣ. ಹಾಕಲೇಬೇಕು ಅಂತ ಭಾವ. ಯಾರು ಸರಿ?
– ಓದುಗಿ, ಬದಿಯಡ್ಕ

ಉತ್ತರ: ಒಂಬತ್ತು ಜನ ಇದ್ದರೆ ನಿಮ್ಮ ಭಾವನೇ ಸರಿ. ಲೆಕ್ಕ ಹಾಕಿ ನೋಡಿ. ಮಾಫಿಯಾದವರೂ ಊರವರೂ ಸಮ ಸಮ ಆದ ಕೂಡಲೇ ಊರು ಸೋತಿತು, ಅಲ್ವಾ? ಹಗಲು ತಪ್ಪಾಗಿ ಒಬ್ಬ ಊರವನನ್ನು ಕಳಿಸಿದಿರಿ, 8 ಉಳಿಯಿತು. ರಾತ್ರಿ ಇನ್ನೊಬ್ಬ ಹೋದ, 7. ಮತ್ತೆ ತಪ್ಪಿದರೆ 6, ರಾತ್ರಿ ಕಳೆದರೆ 5. ಮೂರನೇ ಸಲವೂ ತಪ್ಪಿದರೆ ಇಬ್ಬರು ಮಾಫಿಯಾ, ಇಬ್ಬರು ಊರವರು, ಆಟ ಮುಗಿಯಿತು. ಅಂದರೆ ಎರಡು ತಪ್ಪನ್ನು ಊರು ತಡೆದುಕೊಳ್ಳುತ್ತದೆ. ಮೊದಲ ಹಗಲು ಸುಮ್ನೆ ಬಿಟ್ಟರೆ ರಾತ್ರಿ ಕಳೆದು 8ಕ್ಕೆ ಬರುತ್ತೀರಿ, ಅಲ್ಲಿಂದ ಎರಡನೇ ತಪ್ಪು ಮಾಡಿದ ರಾತ್ರಿಯೇ ಸೋಲು. ಒಂದು ಅವಕಾಶ ಪುಕ್ಕಟೆ ಹೋಯಿತು.

ಹತ್ತು ಜನ ಇದ್ದರೆ ಅಣ್ಣನ ಮಾತಿಗೂ ಬೆಲೆ ಇದೆ. ಒಂದು ಹಗಲು ಬಿಟ್ಟರೂ ರಾತ್ರಿ ಕಳೆದು 9 ಉಳಿಯುತ್ತದೆ, ಅಲ್ಲಿಂದಲೂ ಎರಡು ತಪ್ಪಿಗೆ ಜಾಗ ಇದ್ದೇ ಇದೆ. ಆದರೆ ಬಿಡುವುದಾದರೆ ಮೊದಲ ಹಗಲು ಬೇಡ. 8 ಜನ ಉಳಿದ ದಿನ ಬಿಡಿ. ಲೆಕ್ಕ ಅಷ್ಟೇ ಬರುತ್ತದೆ, ಜೊತೆಗೆ ಅಷ್ಟು ಹೊತ್ತಿಗೆ ಯಾರು ಯಾರಿಗೆ ವೋಟು ಹಾಕಿದರು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ.

ಮೊದಲ ಹಗಲಿನ ವೋಟಿನಿಂದ ಕಳ್ಳ ಸಿಕ್ಕಿಬಿಡಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಣ್ಣು ಮುಚ್ಚಿ ಬೆರಳು ತೋರಿಸಿದರೆ 9ರಲ್ಲಿ 2, ಅಂದರೆ ನೂರಕ್ಕೆ ಸುಮಾರು 22. ನಕ್ಕ, ಬೆವರಿದ ಅಂತ ನೋಡಿದರೆ ಅದು ಮೇಲೇರುವುದಿಲ್ಲ. ಚೀಟಿ ಬಿಚ್ಚಿದಾಗ ಊರವನೂ ನಗುತ್ತಾನೆ. 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ದವಿದೋವ್ ಈ ಆಟ ಕಟ್ಟಿದ್ದೇ ಹಾಗೆ: ಎಲ್ಲ ಗೊತ್ತಿರುವ ಕೆಲವರು, ಏನೂ ಗೊತ್ತಿಲ್ಲದ ಹಲವರು. ಹಾಗಾಗಿ ಮೊದಲ ದಿನ ಕತ್ತಲಲ್ಲಿ ತಡಕಾಡಿದ ಹಾಗೆ ಅನಿಸುವುದು ನಿಮ್ಮ ದಡ್ಡತನ ಅಲ್ಲ. ಆ ದಿನದ ವೋಟು ಮುಂದಿನ ದಿನಗಳಿಗೆ ಬೇಕಾದ ಸಾಕ್ಷಿ, ಅಷ್ಟೇ. ಆದರೆ ಆ ಸಾಕ್ಷಿ ಇಲ್ಲದೆ ಆಮೇಲೆ ಏನೂ ನಡೆಯುವುದಿಲ್ಲ.

ಅದಕ್ಕೆ ಚಿಕ್ಕಮ್ಮನ ಕೈಗೆ ಒಂದು ಹಾಳೆ, ಪೆನ್ನು ಕೊಡಿ. ವೋಟು ಒಬ್ಬೊಬ್ಬರಾಗಿ, ಬಾಯಿಬಿಟ್ಟು, ಕಾರಣದ ಜೊತೆ ಹೇಳಬೇಕು. ಬಂದ ಸಾಲಿನಲ್ಲೇ ಬರೆದಿಡಬೇಕು. ಮೊದಲ ದಿನ ಐದು ವೋಟು ಬಿದ್ದು ಒಬ್ಬ ಹೋದ, ಚೀಟಿ ನೋಡಿದರೆ ಪಾಪದವನು. ಎಲ್ಲರೂ ಮೊದಲು ಬೆರಳು ತೋರಿಸಿದವನ ಮೇಲೆ ಬೀಳುತ್ತಾರೆ. ನಾನು ಮೂರನೆಯ, ನಾಲ್ಕನೆಯ ಸಾಲು ನೋಡುತ್ತೇನೆ. 'ನನಗೂ ಹಾಗೇ ಅನಿಸ್ತು' ಅಂತ ಸ್ವಂತ ಕಾರಣ ಇಲ್ಲದೆ ಗುಂಪಿನಲ್ಲಿ ಸೇರಿಕೊಂಡವರು ಅಲ್ಲೇ ಇರುತ್ತಾರೆ, ಮಾಫಿಯಾಕ್ಕೆ ಅದಕ್ಕಿಂತ ಹಾಯಾದ ಜಾಗ ಇಲ್ಲ. ಎರಡನೇ ದಿನವೋ ಮೂರನೇ ದಿನವೋ ಒಬ್ಬ ಮಾಫಿಯಾ ಸಿಕ್ಕಿಬಿದ್ದ ಅಂದುಕೊಳ್ಳಿ. ತಕ್ಷಣ ಆ ಹಳೇ ಹಾಳೆ ತೆಗೆಯಿರಿ. ಅವನ ಮೇಲೆ ಮಾತು ಬಂದಾಗ ವಿಷಯ ಬದಲಿಸಿದ್ದು ಯಾರು, ಇಬ್ಬರ ನಡುವೆ ಜಗ್ಗಾಟ ಆದಾಗ ಕೊನೇ ಗಳಿಗೆಯಲ್ಲಿ ವೋಟು ತಿರುಗಿಸಿ ಅವನನ್ನು ಉಳಿಸಿದ್ದು ಯಾರು? ಹೆಚ್ಚಿನ ಸಲ ಎರಡನೆಯವನ ಸುಳಿವು ಅಲ್ಲೇ ಸಿಗುತ್ತದೆ.

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ ಹೆಚ್ಚಿನವರು ತುಳು, ಕನ್ನಡದವರು. ಒಬ್ಬ ಗೆಳೆಯ ಮಲಯಾಳದವನು. ಕನ್ನಡ ಅರ್ಥ ಆಗುತ್ತದೆ, ಮಾತಾಡುವಾಗ ತಡವರಿಸುತ್ತಾನೆ. ಪ್ರತಿ ಸಲ ಮೊದಲ ವೋಟು ಅವನಿಗೇ. ಈಗ ಆಡಲು ಬರುವುದೇ ಇಲ್ಲ.
– ಕಾಲೇಜು ವಿದ್ಯಾರ್ಥಿ, ಕಾಸರಗೋಡು

ಉತ್ತರ: ಓದಿ ಬೇಸರ ಆಯಿತು. ಅವನು ಮಾಡಿದ ತಪ್ಪೇನು, ಮಾತು ಹುಡುಕಿಕೊಂಡದ್ದಾ? ಸುಳ್ಳು ಹೇಳುವವನೂ ತಡವರಿಸಬಹುದು ನಿಜ, ಆದರೆ ಬೇರೆ ಭಾಷೆಯಲ್ಲಿ ಮಾತಾಡುವವನು ಯಾವ ಚೀಟಿ ಬಂದರೂ ತಡವರಿಸುತ್ತಾನೆ. ಅವನನ್ನು ಅಳೆಯಬೇಕಾದರೆ ಅವನ ಜೊತೆಗೇ ಅಳೆಯಿರಿ. ಕಳೆದ ಆಟದಲ್ಲಿ ಊರವನಾಗಿದ್ದಾಗ ಹೇಗಿದ್ದ, ಇವತ್ತು ಅದಕ್ಕಿಂತ ಬೇರೆ ಇದ್ದಾನಾ?

ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮಲ್ಲಿ ಇಬ್ಬರು ತುಳುವಿನಲ್ಲಿ ಪಿಸುಗುಟ್ಟಿ ವೋಟು ಗಟ್ಟಿ ಮಾಡಿಕೊಳ್ಳುತ್ತಿದ್ದರೆ ಅದು ಮೋಸ. ಅವನು ಮಲಯಾಳದಲ್ಲೇ ಮಾತಾಡಲಿ. ಕಾಸರಗೋಡಿನಲ್ಲಿ ಓದುವ ನಿಮಗೆ ಅಷ್ಟು ಮಲಯಾಳ ತಿಳಿಯದೇ ಇರುತ್ತದಾ? ಚರ್ಚೆ ಶುರುವಾಗುವ ಮೊದಲು ಸುತ್ತು ಹಾಕಿಸಿ, ಪ್ರತಿಯೊಬ್ಬರೂ ಒಂದು ಹೆಸರು, ಒಂದು ಕಾರಣ ಹೇಳಲಿ, ನಡುವೆ ಯಾರೂ ಬಾಯಿ ಹಾಕಬಾರದು. ಮತ್ತೆ ಅವನನ್ನು ನೀವೇ ಹೋಗಿ ಕರೆಯಿರಿ.

ಪ್ರಶ್ನೆ: ನನ್ನ ಮಾವ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥಧಾರಿ. ಯಾರ ಮೇಲೆ ಸಂಶಯ ಅಂತ ಅವರು ಮಾತು ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಎಲ್ಲರೂ ಅವರ ಕಡೆ. ಎದುರು ನಿಲ್ಲುವುದು ಹೇಗೆ?
– ಓದುಗ, ಕುಂಬಳೆ

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರ ಮುಂದೆ ವಾದ ಗೆಲ್ಲುತ್ತೇನೆ ಅಂತ ಹೊರಡಬೇಡಿ. ಇವತ್ತು ರಾಮ, ನಾಳೆ ವಾಲಿ, ಯಾವ ಪಾತ್ರ ಕೊಟ್ಟರೂ ಅದರ ಪಕ್ಷ ಹಿಡಿದು ಸಭೆಯನ್ನು ಒಪ್ಪಿಸುವುದೇ ಅರ್ಥಧಾರಿಯ ವಿದ್ಯೆ. ಮಾವ ಊರವರಾದರೂ ಮಾಫಿಯಾ ಆದರೂ ಅದೇ ಚಂದದಲ್ಲಿ ಮಾತಾಡುತ್ತಾರೆ. ಅಂದ ಮೇಲೆ ಆ ಮಾತಿನಿಂದ ಅವರ ಚೀಟಿ ತಿಳಿಯಲು ಸಾಧ್ಯವೇ ಇಲ್ಲ.

ಮಾತು ಬಿಡಿ, ವೋಟು ನೋಡಿ. ಹತ್ತು ನಿಮಿಷ ಒಬ್ಬನ ಮೇಲೆ ಹರಿಹಾಯ್ದು ಕೊನೆಗೆ ಬೇರೆಯವನಿಗೆ ವೋಟು ಹಾಕಿದರೆ ಯಾಕೆ ಅಂತ ಕೇಳಲೇಬೇಕು. ಉದ್ದ ವಾದಕ್ಕೆ ಚಿಕ್ಕ ಪ್ರಶ್ನೆ ಎಸೆಯಿರಿ: 'ಮಾವಾ, ಇವನು ಊರವನೇ ಅಂತ ಆದರೆ ನಾಳೆ ನಿಮ್ಮ ಸಂಶಯ ಯಾರ ಮೇಲೆ?' ನಿಜವಾಗಿ ಕಳ್ಳನನ್ನು ಹುಡುಕುವವರ ಹತ್ತಿರ ಸಾಧಾರಣವಾಗಿ ಎರಡನೇ ಹೆಸರು ತಯಾರಿರುತ್ತದೆ. ಇವತ್ತು ಒಬ್ಬ ಹೋದರೆ ಸಾಕು ಅನ್ನುವವರು ಅಲ್ಲಿ ತೊಡರುತ್ತಾರೆ. ಮತ್ತೆ ಒಬ್ಬೊಬ್ಬರಿಗೆ ಒಂದೇ ನಿಮಿಷ ಅಂತ ಗಡಿಯಾರ ಇಡಿ, ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಪ್ರಶ್ನೆ: ಮೊದಲ ದಿನವೇ ಔಟಾದರೆ ನನ್ನ ತಂಗಿ ಕೋಪ ಮಾಡಿಕೊಂಡು ಒಳಗೆ ಹೋಗುತ್ತಾಳೆ. ಏನು ಮಾಡುವುದು?
– ಓದುಗಿ, ಮಂಜೇಶ್ವರ

ಉತ್ತರ: ಗಂಟೆಗಟ್ಟಲೆ ಸುಮ್ನೆ ಕೂರುವುದು ಯಾರಿಗೆ ಇಷ್ಟ? ಆಟ ಚಿಕ್ಕದಾಗಿರಲಿ, ಏಳು ಜನ ಸಾಕು. ಮೊದಲು ಔಟಾದವರ ಕೈಗೇ ವೋಟಿನ ಹಾಳೆ ಕೊಡಿ, ಮುಂದಿನ ಆಟ ನಡೆಸುವುದೂ ಅವರೇ ಅಂತ ನಿಯಮ ಮಾಡಿ. ಆಟ ಮುಗಿದ ಮೇಲೆ ಆ ಹಾಳೆಯನ್ನು ಎಲ್ಲರ ಮುಂದೆ ಅವಳೇ ಓದಿ ಹೇಳಲಿ, ತನಗೆ ಯಾರು ಯಾಕೆ ವೋಟು ಹಾಕಿದರು ಅಂತ ಅವಳಿಗೂ ಕೇಳುವ ಹಕ್ಕಿದೆ.