ಮುತ್ತಜ್ಜಿಯ ಹೆಸರು ಮತ್ತು ಗಣತಿಯ ಬೀಗ

ಚಿಂತಾಮಣಿಯ ಓದುಗರೊಬ್ಬರ ಪತ್ರ: ‘1951ರ ಜನಗಣತಿಯಲ್ಲಿ ನಮ್ಮ ಮನೆಯ ಬಗ್ಗೆ ಬರೆದುಕೊಂಡ ವಿವರ ಬೇಕಿತ್ತು. ಮುಖ್ಯವಾಗಿ ಮುತ್ತಜ್ಜಿಯ ಹೆಸರು; ಅದು ಈಗ ಯಾರಿಗೂ ನೆನಪಿಲ್ಲ. ಜಮೀನಿನ ಪಾಲಿನ ದಾವೆಗೂ ನೆರವಾಗುತ್ತಿತ್ತು. ಕೊಡಲಾಗದು ಎಂದರು. ಅಮೆರಿಕದವರು 1950ರ ಗಣತಿಯನ್ನು ತೆರೆದಿಟ್ಟಿದ್ದಾರೆ. ನಮ್ಮ ಮನೆಯ ವಿಷಯವನ್ನು ನಮ್ಮಿಂದಲೇ ಮುಚ್ಚಿಡುವುದು ಯಾವ ನ್ಯಾಯ?’

ಸಂಪಾದಕರ ಉತ್ತರ:

ನಿಮಗೆ ಸಿಕ್ಕಿದ್ದು ಕಾನೂನಿನ ಉತ್ತರವೇ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿದಾರರು ಬರೆದ ಪುಸ್ತಕ, ರಿಜಿಸ್ಟರ್, ದಾಖಲೆಗಳನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಆ ಮನೆಯವರಿಗೂ ಇಲ್ಲ. ಸಿವಿಲ್ ವ್ಯಾಜ್ಯದಲ್ಲಿ ಅದು ಸಾಕ್ಷ್ಯವೂ ಆಗುವುದಿಲ್ಲ. ಆದ್ದರಿಂದ ದಾವೆಯ ಮಟ್ಟಿಗೆ ಗಣತಿಯ ಆಸೆ ಬಿಡಿ.

ಈ ಎರಡನೆಯ ನಿರ್ಬಂಧಕ್ಕೆ ನನ್ನ ತಕರಾರಿಲ್ಲ. ಬಾಗಿಲಿಗೆ ಬಂದ ಗಣತಿದಾರರ ಪ್ರಶ್ನೆಗೆ ಉತ್ತರಿಸಲೇಬೇಕು ಎಂಬುದೂ ಅದೇ ಕಾಯ್ದೆಯ ಕಟ್ಟಳೆ. ಆ ಉತ್ತರ ನಾಳೆ ನ್ಯಾಯಾಲಯದಲ್ಲಿ ಎದುರಾಗುತ್ತದೆ ಎಂದು ಗೊತ್ತಾದರೆ ಯಜಮಾನ ಮನೆಯಲ್ಲಿರುವವರನ್ನು ಬಿಟ್ಟು ಪಾಲುದಾರರನ್ನು ಎಣಿಸತೊಡಗುತ್ತಾನೆ. ದತ್ತು ಮಗ, ಎರಡನೆಯ ಹೆಂಡತಿ, ತವರಿಗೆ ಮರಳಿದ ಮಗಳು ಲೆಕ್ಕದಿಂದ ಜಾರಿಹೋಗುತ್ತಾರೆ. ಒಂದೆಕರೆ ರಾಗಿ ಹೊಲಕ್ಕೆ ಮೂರು ತಲೆಮಾರು ಕೋರ್ಟು ಅಲೆಯುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಆಕ್ಷೇಪ ಇರುವುದು ಈ ಬೀಗಕ್ಕೆ ಅವಧಿಯೇ ಇಲ್ಲ ಎಂಬುದಕ್ಕೆ. ಅಮೆರಿಕದಲ್ಲಿ 72 ವರ್ಷಗಳ ಗಡುವು. ನೀವು ಹೇಳಿದ 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆಯಿತು. ಇಂಗ್ಲೆಂಡಿನವರು 100 ವರ್ಷ ಕಾದು, 1921ರ ಗಣತಿಯನ್ನು 2022ರ ಜನವರಿಯಲ್ಲಿ ಬಿಡುಗಡೆ ಮಾಡಿದರು. ನಮ್ಮ ಕಲಮಿನಲ್ಲಿ ವರ್ಷದ ಮಾತೇ ಇಲ್ಲ. ಜೊತೆಗೆ, ಕೋಷ್ಟಕಗಳು ಸಿದ್ಧವಾದ ಮೇಲೆ ಮನೆಮನೆಯ ಚೀಟಿಗಳನ್ನು ವಿಲೇವಾರಿ ಮಾಡುವುದು ಇಲ್ಲಿ ನಡೆದುಬಂದ ಕ್ರಮ. ಇಂಗ್ಲೆಂಡಿನ 1931ರ ಗಣತಿಯ ಕಾಗದಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. ಅವರದು ಅನಾಹುತ, ನಮ್ಮದು ಪದ್ಧತಿ.

ಹಾಗೆಂದು ಬೀಗ ಎಂದೂ ತೆರೆದಿಲ್ಲ ಎನ್ನುವಂತಿಲ್ಲ. 1951ರ ಗಣತಿಯ ಚೀಟಿಗಳಿಂದಲೇ ರಾಷ್ಟ್ರೀಯ ಪೌರತ್ವ ನೋಂದಣಿ ಪುಸ್ತಕವನ್ನು ನಕಲು ಮಾಡಲಾಗಿತ್ತು. ಅಸ್ಸಾಮಿನಲ್ಲಿ ಆ ಪುಸ್ತಕವನ್ನು ಮುಂದೆ ಸಾರ್ವಜನಿಕರ ಮುಂದಿಟ್ಟರು. ಜನ ಅದರಲ್ಲಿ ತಮ್ಮ ಅಜ್ಜ, ಮುತ್ತಜ್ಜಂದಿರನ್ನು ಹುಡುಕಿದರು. ಕುಲಮೂಲದ ಕುತೂಹಲದಿಂದಲ್ಲ, ಪೌರತ್ವ ಸಾಬೀತುಪಡಿಸಲು. 2019ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಂದರೆ ಸರ್ಕಾರಕ್ಕೆ ಬೇಕಾದಾಗ ಹಳೆಯ ಹೆಸರು ಹೊರಬರುತ್ತದೆ, ಮೊಮ್ಮಗ ಕೇಳಿದರೆ ಬರುವುದಿಲ್ಲ. ಕಾಲಮಿತಿ ಕಾಯ್ದೆಯಲ್ಲೇ ಇರಬೇಕು ಎನ್ನುವುದು ಇದಕ್ಕೇ. ನನ್ನನ್ನು ಕೇಳಿದರೆ 72 ಸಾಲದು, ನೂರಿರಲಿ. 2027ರ ಗಣತಿಯಲ್ಲಿ ಜಾತಿಯನ್ನೂ ಬರೆದುಕೊಳ್ಳಲಿದ್ದಾರೆ. ನಮ್ಮೂರುಗಳಲ್ಲಿ ಆ ಗಾಯ ಬೇಗ ಮಾಯುವಂಥದ್ದಲ್ಲ.

ಇನ್ನು ನಿಮ್ಮ ಮುತ್ತಜ್ಜಿ. ಚೀಟಿ ಉಳಿದಿದ್ದರೂ ಅದರಲ್ಲಿ ಅವರ ಹೆಸರು ಇರುತ್ತಿತ್ತು ಎಂಬ ಖಾತ್ರಿಯಿಲ್ಲ. ಅದೇ ಕಾಯ್ದೆಯ 8ನೇ ಕಲಮು ಮನೆಯ ಹೆಂಗಸರ ಹೆಸರು ಹೇಳಲೇಬೇಕೆಂದು ಯಾರನ್ನೂ ಒತ್ತಾಯಿಸುವುದಿಲ್ಲ. ಹೆಂಡತಿ ಗಂಡನ ಹೆಸರು ಹೇಳಬೇಕಾಗಿಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. ಗಂಡನ ಹೆಸರನ್ನು ಒಗಟಿನಲ್ಲಿ ಅಡಗಿಸಿ ಹೇಳುತ್ತಿದ್ದ ನಮ್ಮ ಅಜ್ಜಿಯಂದಿರ ಸಂಕೋಚಕ್ಕೆ ದೆಹಲಿಯ ಶಾಸನವೂ ತಲೆಬಾಗಿತ್ತು!

ಕೈಬರಹದ ಪಹಣಿಯಲ್ಲಿ ಗಂಡಸರ ಹೆಸರೇ ಹೆಚ್ಚು. ಆದ್ದರಿಂದ ಮೊದಲು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ. ಸ್ಥಿರಾಸ್ತಿಯ ಪತ್ರಗಳ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 1908ರ ನೋಂದಣಿ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಗಂಡ ಸತ್ತ ಮೇಲೆ ವಿಧವೆ ಹೆಬ್ಬೆಟ್ಟು ಒತ್ತಿದ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಹೆಂಗಸರ ಹೆಸರು ಸಿಗುವ ಸಾಧ್ಯತೆ ಹೆಚ್ಚು. ನೋಂದಾಯಿತ ಪತ್ರದ ದೃಢೀಕೃತ ನಕಲನ್ನು ನಿಮ್ಮ ವಕೀಲರಿಗೂ ತೋರಿಸಿ, ದಾವೆಗೆ ಪ್ರಯೋಜನವಾದೀತು. ಚಿಂತಾಮಣಿ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. ಹಳೆಯ ಸಂಪುಟ ಚಿಂತಾಮಣಿಯಲ್ಲಿ ಸಿಗದಿದ್ದರೆ ಕೋಲಾರದಲ್ಲೂ ವಿಚಾರಿಸಿ.